ಒಂಬತ್ತು ಅಂಕಿ, ಒಂದು ಫೋನ್ ಕಾಲ್

ಮನೆಯಲ್ಲಿ ಶಾಲೆಗೆ ಹೋಗೋ ಮಕ್ಕಳಿದ್ದರೆ ಅವರ ಮಾರ್ಕ್ಸ್ ಕಾರ್ಡ್ ಸ್ವಲ್ಪ ತೆಗೆದು ನೋಡಿ. ರಾಜ್ಯ ಪಠ್ಯಕ್ರಮದ ಶಾಲೆ ಆಗಿದ್ದರೆ, ಸರ್ಕಾರಿ ಇರಲಿ ಖಾಸಗಿ ಇರಲಿ, ಆ ಮಗುವಿಗೆ 9 ಅಂಕಿಯ ಒಂದು ನಂಬರ್ ಇರುತ್ತೆ. ಸ್ಟೂಡೆಂಟ್ ಅಚೀವ್‌ಮೆಂಟ್ ಟ್ರ್ಯಾಕಿಂಗ್ ಸಿಸ್ಟಮ್, ಮೇಷ್ಟ್ರುಗಳ ಬಾಯಲ್ಲಿ 'ಸ್ಯಾಟ್ಸ್'. ಶಾಲೆ ಬದಲಾದರೂ ಈ ನಂಬರ್ ಬದಲಾಗಲ್ಲ. ಹಳೇ ಶಾಲೆಯವರು ಕಂಪ್ಯೂಟರಿನಲ್ಲಿ ಬಿಟ್ಟುಕೊಡಬೇಕು, ಹೊಸ ಶಾಲೆಯವರು ಸೇರಿಸಿಕೊಳ್ಳಬೇಕು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ನೋಂದಣಿ ಆಗೋದೂ ಇದರ ಮೂಲಕವೇ.

ಇದೆಲ್ಲ ಯಾಕೆ ಬೇಕಾಯ್ತು? ಒಂದು ಸಣ್ಣ ಲೆಕ್ಕ ಹೇಳ್ತೀನಿ. ಒಂದು ತರಗತಿಯಲ್ಲಿ 40 ಮಕ್ಕಳಿದ್ದಾರೆ. ಮೂವರು ಬಿಟ್ಟುಹೋದರು, ಬೇರೆ ಮೂವರು ಸೇರಿದರು. ವರ್ಷದ ಕೊನೆಗೆ ತಲೆ ಎಣಿಸಿದರೆ 40ಕ್ಕೆ 40, ಎಲ್ಲಾ ಸರಿ! ಆದರೆ ಹೋದ ಆ ಮೂವರು ಎಲ್ಲಿ? ಬೇರೆ ಶಾಲೆಯಲ್ಲಿದ್ದಾರಾ, ಇಟ್ಟಿಗೆ ಭಟ್ಟಿಯಲ್ಲಿದ್ದಾರಾ? ತಲೆಎಣಿಕೆಗೆ ಅದು ಕಾಣಿಸಲ್ಲ. ಕೇಂದ್ರದ ಯು-ಡೈಸ್ ಪ್ಲಸ್ ಕೂಡ ಶಾಲೆಗೆ ಇಷ್ಟು ಮಕ್ಕಳು ಅನ್ನೋ ಲೆಕ್ಕ ಬಿಟ್ಟು, ಒಂದೊಂದು ಮಗುವಿನ ಲೆಕ್ಕ ಇಡೋಕೆ ಶುರು ಮಾಡಿದ್ದು 2022-23ರಲ್ಲಿ. ನಮ್ಮ ಸ್ಯಾಟ್ಸ್ ಅದಕ್ಕಿಂತ ಮೊದಲೇ ಬಂದಿತ್ತು. ಈ ವಿಷಯದಲ್ಲಿ ಕರ್ನಾಟಕಕ್ಕೆ ಶಹಬ್ಬಾಸ್ ಹೇಳಲೇಬೇಕು.

ಶಾಲೆ ಬಿಟ್ಟ ಮಕ್ಕಳ ಬಗ್ಗೆ ಬಂದ ಪತ್ರಿಕಾ ವರದಿ ನೋಡಿ 2013ರಲ್ಲಿ ನಮ್ಮ ಹೈಕೋರ್ಟ್ ಸ್ವಯಂಪ್ರೇರಿತವಾಗಿ ಕೇಸು ಕೈಗೆತ್ತಿಕೊಂಡಿತ್ತು, ನೆನಪಿದೆಯಾ? ನಮ್ಮಲ್ಲಿ ಕಾರಣವಿಲ್ಲದೆ 7 ದಿನ ಬಾರದ ಮಗುವನ್ನೂ ಹೊರಗುಳಿದ ಮಗು ಅಂತಲೇ ನೋಡಬೇಕು. ಏಳೇ ದಿನ. ಅಂದ್ರೆ ಎಂಟನೇ ದಿನ ಯಾರೋ ಒಬ್ಬರು ಆ ಮನೆ ಬಾಗಿಲು ತಟ್ಟಬೇಕು.

ನಾನು ಓದಿದ್ದು ಎಂಜಿನಿಯರಿಂಗ್. ನಮ್ಮ ಕಂಟ್ರೋಲ್ ಸಿಸ್ಟಮ್ಸ್ ಮೇಡಂ ಗೀಸರ್ ಉದಾಹರಣೆ ಕೊಡ್ತಿದ್ರು. ನೀರು ಎಷ್ಟು ಬಿಸಿ ಅಂತ ಅಳೆಯೋದು ಒಂದು ಭಾಗ, ಆ ಸುದ್ದಿ ಕೇಳಿ ಕರೆಂಟ್ ಕಟ್ ಮಾಡೋದು ಇನ್ನೊಂದು ಭಾಗ. ಎರಡರ ನಡುವಿನ ವೈರ್ ಕಿತ್ತುಹೋದರೆ ಅಳತೆ ನಡೀತಾನೇ ಇರುತ್ತೆ, ನೀರು ಕುದೀತಾನೇ ಇರುತ್ತೆ. ನಮ್ಮ ಶಾಲೆಗಳಲ್ಲಿ ಆ ವೈರ್ ಯಾವುದು? ಅಪ್ಪ-ಅಮ್ಮನ ಫೋನ್ ನಂಬರ್!

ಮೊನ್ನೆ ಯಾದಗಿರಿ ಕಡೆಯ ಮೇಷ್ಟ್ರೊಬ್ಬರು ಕಾರ್ಯಕ್ರಮ ಮುಗಿದ ಮೇಲೆ ಫೋನ್ ಮಾಡಿದ್ರು. "ಸರ, ನಂಬರ್ ಹಾಕಲಿಲ್ಲಂದ್ರ ಮುಂದಿನ ಪೇಜೇ ತೆಗೀವಲ್ದು. ಮನ್ಯಾಗ ಫೋನೇ ಇಲ್ಲ ಅಂದ್ರ ಏನ್ ಮಾಡ್ಲಿ? ಹನ್ನೊಂದು ಹುಡುಗರಿಗೆ ನನ್ನ ನಂಬರೇ ಹಾಕೀನ್ರಿ" ಅಂದ್ರು. ನಗು ಬಂತು, ಆಮೇಲೆ ಬರಲಿಲ್ಲ. ಆ ಹನ್ನೊಂದು ಮಕ್ಕಳ ಪಾಲಕರಿಗೆ ಮೆಸೇಜ್ ಹೋದರೆ ಅದು ಬರೋದು ಮೇಷ್ಟ್ರ ಜೇಬಿಗೆ. ಮೇಲಿನವರ ರಿಪೋರ್ಟ್‌ನಲ್ಲಿ ಮಾತ್ರ ಪಾಲಕರ ಮೊಬೈಲ್ ನೂರಕ್ಕೆ ನೂರು ಭರ್ತಿ.

ದುಡ್ಡು ಕೊಟ್ಟು ಓದಿಸುವವರ ಕಥೆ ಬೇರೆ ಅಂದುಕೊಳ್ಳಬೇಡಿ. ನನ್ನ ಮಗಳ ಶಾಲೆಗೆ ಚೆಂದದ ಆ್ಯಪ್ ಇದೆ. ಒಂದು ದಿನ ಸ್ಟುಡಿಯೋದಲ್ಲಿ ಕೂತಿದ್ದಾಗ 'ನಿಮ್ಮ ಮಗು ಇಂದು ಗೈರು' ಅಂತ ಬಂತು. ಬೆಳಿಗ್ಗೆ ನಾನೇ ಬಿಟ್ಟು ಬಂದಿದ್ದೆ! ಎದೆ ಧಸಕ್ಕೆಂದಿತು. ಇಪ್ಪತ್ತು ನಿಮಿಷ ಫೋನ್ ಎತ್ತುವವರಿಲ್ಲ. ಕೊನೆಗೆ ಗೊತ್ತಾಯ್ತು, ಪಕ್ಕದ ಹೆಸರಿನ ಮೇಲೆ ಬೆರಳು ಬೀಳೋ ಬದಲು ನಮ್ಮವಳ ಹೆಸರಿನ ಮೇಲೆ ಬಿದ್ದಿತ್ತು. ಹಾಗಾದ್ರೆ ನಿಜವಾಗಿ ಬಾರದ ಆ ಪಕ್ಕದ ಮಗುವಿನ ಮನೆಗೆ? ಯಾವ ಮೆಸೇಜೂ ಹೋಗಿರಲಿಲ್ಲ. ಫೀಸ್ ಕಟ್ಟಿ ಅನ್ನೋ ಮೆಸೇಜ್ ಮಾತ್ರ ಇವತ್ತಿನವರೆಗೂ ಒಂದು ಸಲ ತಪ್ಪಿಲ್ಲ, ಅದು ಬೇರೆ ಮಾತು.

ಈ ಡೇಟಾದಿಂದ ಆಗೋ ನಿಜವಾದ ಲಾಭ ಬೇರೇನೇ ಇದೆ. ದಸರಾ, ದೀಪಾವಳಿ ಸುತ್ತಮುತ್ತ ಕಬ್ಬಿನ ಸೀಸನ್ ಶುರುವಾಗುತ್ತೆ. ಕಲ್ಯಾಣ ಕರ್ನಾಟಕದ ಕೆಲವು ತಾಂಡಾಗಳು, ಹಳ್ಳಿಗಳು ಗುಳೆ ಹೊರಡುತ್ತವೆ. ಯಾವ ಮಗು ಹೋದ ವರ್ಷ ಹೋಗಿತ್ತು, ಅದರ ಹಿಂದಿನ ವರ್ಷವೂ ಹೋಗಿತ್ತು ಅನ್ನೋದು ಹಾಜರಿಯಲ್ಲೇ ಬರೆದಿದೆ. ಮಗು ಹೋದ ಮೇಲೆ ಹುಡುಕೋ ಬದಲು, ಸೆಪ್ಟೆಂಬರಿನಲ್ಲೇ ಆ ಹೆಸರುಗಳ ಪಟ್ಟಿ ತೆಗೆದು ಮನೆಗೆ ಹೋಗಿ, "ನೀವು ಹೋಗಿ ಬನ್ನಿ, ಕೂಸು ಇಲ್ಲೇ ಇರಲಿ" ಅಂತ ಕೇಳಬಹುದಲ್ವಾ? ವಲಸೆ ಮಕ್ಕಳಿಗಾಗಿ ಆ ತಿಂಗಳುಗಳ ಮಟ್ಟಿಗೆ ವಸತಿ ಕೇಂದ್ರ ನಡೆಸೋಕೆ ಸಮಗ್ರ ಶಿಕ್ಷಣದಲ್ಲಿ ಅವಕಾಶ ಇದೆ. ಮಾತಾಡೋಕೆ 2001ರಿಂದ ಪ್ರತಿ ಸರ್ಕಾರಿ ಶಾಲೆಗೂ ಎಸ್‌ಡಿಎಂಸಿ ಇದೆ, ಅದರಲ್ಲಿ ಇರೋರು ಪಾಲಕರೇ. ಅವರ ಮುಂದೆ ಈ ಪಟ್ಟಿ ಇಟ್ಟವರು ಎಷ್ಟು ಜನ? ನನಗೆ ಪರಿಚಯ ಇರೋ ಸದಸ್ಯರೊಬ್ಬರನ್ನ ಕೇಳಿದೆ. "ಸಹಿ ಹಾಕೋಕೆ ಕರೀತಾರೆ ಸಾರ್" ಅಂದ್ರು.

ಎಲ್ಲಾ ಮಾಹಿತಿ ಒಂದೇ ಕಡೆ ಸೇರ್ತಿರೋದರಿಂದ ಇನ್ನೊಂದು ಮಾತೂ ಹೇಳಬೇಕು. ಈಗ 12 ಅಂಕಿಯ ಅಪಾರ್ ಐಡಿ ಬಂದಿದೆ. ಅದಕ್ಕೆ ಪಾಲಕರ ಒಪ್ಪಿಗೆ ಬೇಕು. ಡೈರಿಯಲ್ಲಿ ಮಡಚಿಟ್ಟು ಕಳಿಸೋ ಆ ಫಾರಂನ ಓದಿ ಸಹಿ ಹಾಕಿ, ಅರ್ಥ ಆಗದಿದ್ದರೆ ಕೇಳಿ. ಅದು ನಿಮ್ಮ ಹಕ್ಕು.

ಆ ಯಾದಗಿರಿ ಮೇಷ್ಟ್ರಿಗೆ ನಾನು ಮತ್ತೆ ಫೋನ್ ಮಾಡಿದ್ದೆ. ಮಕ್ಕಳು ಗುಳೆ ಹೋದಾಗ ನೀವು ಹೇಗೆ ಪತ್ತೆ ಹಚ್ತೀರಿ ಅಂತ ಕೇಳಿದೆ. ಕೂಲಿಗೆ ಕರ್ಕೊಂಡು ಹೋಗೋ ಮೇಸ್ತ್ರಿಯ ನಂಬರ್ ಇಸ್ಕೊಂಡು ಇಟ್ಕೊಂಡಿದ್ದಾರಂತೆ. ಅವನಿಗೆ ಫೋನ್ ಮಾಡಿದ್ರೆ ತಾಯಿ ಕೈಗೆ ಕೊಡ್ತಾನೆ. ಹೋದ ವರ್ಷ ಇಬ್ಬರು ಹುಡುಗಿಯರು ಹಾಗೇ ಅಜ್ಜಿ ಮನೆಗೆ ವಾಪಸ್ ಬಂದು ಪರೀಕ್ಷೆ ಬರೆದರು.

"ಆ ನಂಬರ್ ಎಲ್ಲಿ ಬರೆದಿಟ್ಟೀರಿ?" ಅಂದೆ.

"ನನ್ನ ಪಾಕೆಟ್ ಡೈರ‍್ಯಾಗ್ರಿ. ಸ್ಯಾಟ್ಸ್‌ನ್ಯಾಗ ಅದಕ್ಕ ಜಾಗ ಇಲ್ಲಲ್ರಿ ಸರ."