ಮೂರು ವರ್ಷ ಕಳೆದರೆ ಸಾಲ ತೀರಿತೇ?

‘ಮೂರು ವರ್ಷ ತಲೆತಪ್ಪಿಸಿಕೊಂಡರೆ ಸಾಲ ತಾನಾಗಿ ಹೋಗುತ್ತದೆ’ ಎಂದು ಸಾಲಗಾರರು ನಂಬುತ್ತಾರೆ. ‘ಎಷ್ಟೇ ಹಳೆಯ ಬಾಕಿಯಾದರೂ ಕೋರ್ಟಿಗೆ ಎಳೆಯುತ್ತೇವೆ’ ಎಂದು ವಸೂಲಿಗೆ ಬರುವವರು ಹೆದರಿಸುತ್ತಾರೆ. ಎರಡೂ ತಪ್ಪು. 1963ರ ಕಾಲಮಿತಿ ಕಾಯ್ದೆ ಗಡುವು ಹಾಕಿರುವುದು ದಾವೆಗೆ, ಸಾಲಕ್ಕಲ್ಲ. ಕೈಸಾಲ, ವೈಯಕ್ತಿಕ ಸಾಲ, ಕ್ರೆಡಿಟ್ ಕಾರ್ಡ್ ಬಾಕಿಯಂಥ ಅಡಮಾನವಿಲ್ಲದ ಸಾಲಗಳಿಗೆ ಈ ಗಡುವು ಸಾಮಾನ್ಯವಾಗಿ ಮೂರು ವರ್ಷ. ಅದು ಮೀರಿದ ಮೇಲೆ ಹೂಡಿದ ದಾವೆಯನ್ನು, ಸಾಲಗಾರ ಆಕ್ಷೇಪ ಎತ್ತದಿದ್ದರೂ ನ್ಯಾಯಾಲಯ ವಜಾ ಮಾಡಲೇಬೇಕು ಎನ್ನುತ್ತದೆ ಅದರ 3ನೇ ಸೆಕ್ಷನ್. ಹಾಗಿದ್ದರೂ ಋಣ ಉಳಿದೇ ಇರುತ್ತದೆ. 1872ರ ಕರಾರು ಕಾಯ್ದೆಯೇ ಇದಕ್ಕೆ ಸಾಕ್ಷಿ. ಹಲವು ಬಾಕಿಗಳಿದ್ದು, ಯಾವುದಕ್ಕೆಂದು ಹೇಳದೆ ಹಣ ಕಟ್ಟಿದರೆ, ಸಾಲ ಕೊಟ್ಟವರು ಅದನ್ನು ಅವಧಿ ಮೀರಿದ ಬಾಕಿಗೂ ಜಮಾ ಮಾಡಿಕೊಳ್ಳಬಹುದು ಎಂದು ಅದರ 60ನೇ ಸೆಕ್ಷನ್ ಹೇಳುತ್ತದೆ. ಇಲ್ಲದ ಸಾಲಕ್ಕೆ ಜಮಾ ಎಲ್ಲಿಂದ ಬರಬೇಕು?

ಎಣಿಕೆ ಎಲ್ಲಿಂದ ಶುರು ಎಂಬಲ್ಲೂ ಗೊಂದಲವಿದೆ. ‘ಕೇಳಿದಾಗ ಕೊಡುತ್ತೇನೆ’ ಎಂದು ಬರೆದುಕೊಟ್ಟ ಪ್ರಾಮಿಸರಿ ನೋಟಿಗೆ ಮೂರು ವರ್ಷ ಓಡುವುದು ನೋಟಿನ ದಿನಾಂಕದಿಂದ, ಹಣ ಕೇಳಿದ ದಿನದಿಂದಲ್ಲ. ಸಾಲ ಕೊಟ್ಟವರು ಎಷ್ಟು ನೋಟಿಸು ಕಳಿಸಿದರೂ ಗಡುವು ಮುಂದಕ್ಕೆ ಹೋಗದು. ಅದನ್ನು ಮುಂದೂಡುವುದು ಸಾಲಗಾರನ ಬರಹ. ಅವಧಿಯೊಳಗೆ ಆತ ಬಾಕಿ ಒಪ್ಪಿ ಸಹಿ ಹಾಕಿದರೆ, ಇಲ್ಲವೇ ಸ್ವಲ್ಪ ಹಣ ಕಟ್ಟಿ ಅದನ್ನು ತನ್ನ ಕೈಬರಹದಲ್ಲೋ ಸಹಿಯೊಂದಿಗೋ ದಾಖಲಿಸಿದರೆ, ಎಣಿಕೆ ಹೊಸದಾಗಿ ಶುರುವಾಗುತ್ತದೆ. ಅವಧಿ ಮುಗಿದ ಬಳಿಕ ಒಂದಿಷ್ಟು ಹಣ ಕಟ್ಟಿದ ಮಾತ್ರಕ್ಕೆ ಹಳೆಯ ಗಡುವು ಮರಳಿ ಬಾರದು. ಆದರೆ ಆಗಲೂ ‘ಕೊಡುತ್ತೇನೆ’ ಎಂದು ಬರೆದು ಸಹಿ ಹಾಕಿದರೆ, ಕರಾರು ಕಾಯ್ದೆಯ 25(3)ರಂತೆ ಅದೊಂದು ಹೊಸ ಕರಾರು. ಹಳೆಯ ಬಾಕಿಗೆ ‘ಸೆಟಲ್‌ಮೆಂಟ್’ ಪತ್ರ ಹಿಡಿದು ಬಂದವರ ಮುಂದೆ ಓದದೆ ಸಹಿ ಹಾಕಬಾರದು ಎನ್ನುವುದು ಇದಕ್ಕೇ.

ಮೂರು ವರ್ಷದ ಲೆಕ್ಕ ಎಲ್ಲ ಸಾಲಕ್ಕೂ ಸಲ್ಲದು. ಸ್ಥಿರಾಸ್ತಿಯ ಅಡಮಾನದ ಮೇಲಿನ ಹಣಕ್ಕೆ ದಾವೆ ಹೂಡಲು ಹನ್ನೆರಡು ವರ್ಷವಿದೆ. ಹಣ ಕೊಡಬೇಕೆಂಬ ಡಿಕ್ರಿ ಒಮ್ಮೆ ಆದರೆ ಅದರ ಜಾರಿಗೂ ಹನ್ನೆರಡು ವರ್ಷ. ಹಾಗಾಗಿ ‘ಗಡುವು ಮುಗಿದಿದೆ, ಸಮನ್ಸಿಗೆ ಹೋಗುವುದೇಕೆ’ ಎಂದು ಮನೆಯಲ್ಲಿ ಕೂರುವುದು ಅಪಾಯ; ಹಳೆಯ ಸಹಿಯೊಂದನ್ನು ಎದುರಿನವರು ತೋರಿಸಿದರೆ ಪ್ರಶ್ನಿಸಲು ಅಲ್ಲಿ ಯಾರೂ ಇರುವುದಿಲ್ಲ. ಬ್ಯಾಂಕು ಸಾಲವನ್ನು ‘ರೈಟ್ ಆಫ್’ ಮಾಡಿದೆ ಎಂದರೂ ಅದು ಮನ್ನಾ ಅಲ್ಲ, ತನ್ನ ಲೆಕ್ಕಪುಸ್ತಕದ ಹೊಂದಾಣಿಕೆ.

ಇದೆಲ್ಲ ಮೋಸಗಾರರಿಗೆ ಆಸರೆಯಲ್ಲವೇ ಎಂಬ ಆಕ್ಷೇಪ ಸಹಜ. ಆದರೆ ವರ್ಷ ಕಳೆದಂತೆ ರಸೀದಿ ಕಳೆಯುತ್ತದೆ, ಸಾಕ್ಷಿಗಳಿಗೆ ಮರೆವು ಬರುತ್ತದೆ. ಕಟ್ಟಿಯಾದ ಸಾಲವನ್ನೂ ಕಟ್ಟಿದ್ದೇನೆಂದು ಸಾಬೀತು ಮಾಡಲಾಗದ ಸ್ಥಿತಿ ಬರಬಹುದು. ಸಾಲ ಕೊಟ್ಟವರಿಗಾದರೋ ಮೂರು ವರ್ಷದ ಸಮಯವಿದೆ, ಅಷ್ಟರೊಳಗೆ ಒಪ್ಪಿಗೆ ಬರೆಸಿಕೊಳ್ಳುವ ದಾರಿಯೂ ಇದೆ. ಗಡುವು ಸರ್ಕಾರಿ ಯಂತ್ರವನ್ನೂ ಬಿಡುವುದಿಲ್ಲ: ಅವಧಿ ಮೀರಿದ ಸಾಲವನ್ನು ಕಂದಾಯ ಬಾಕಿಯಂತೆ ವಸೂಲು ಮಾಡಲಾಗದು ಎಂದು ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 1999ರಲ್ಲಿ ತೀರ್ಪು ಕೊಟ್ಟಿತು. ಹಳೆಯ ಬಾಕಿ ಕಟ್ಟುವುದು ಸಾಲಗಾರನ ಮನಸ್ಸಾಕ್ಷಿಗೂ ಮುಂದೆ ಸಾಲ ಸಿಗಬೇಕೆಂಬ ಲೆಕ್ಕಾಚಾರಕ್ಕೂ ಬಿಟ್ಟದ್ದು. ಕಟ್ಟಲು ಹೊರಟವರು ದಿನಾಂಕ ನೋಡಿ, ದಾಖಲೆ ಕೇಳಿ, ಯಾವ ಬಾಕಿಗೆ ಎಂದು ಬರೆದು ಕಟ್ಟಲಿ. ಕಟ್ಟದವರು ಕಾನೂನು ತಮ್ಮ ಸಾಲ ಅಳಿಸಿತೆಂದು ಹೇಳಿಕೊಳ್ಳದಿರಲಿ.