ಕೇಬಲ್ ಸಿಕ್ಕಿಸುವ ಹೊತ್ತಿನ ಕಿಡಿ

ಚಳಿಗಾಲದ ಒಣಹವೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಬಾಗಿಲ ಚಿಲಕ ಮುಟ್ಟಿದರೆ ಬೆರಳಿಗೆ ಚುರುಕ್ ಎನ್ನುತ್ತದೆ. ಆ ಚುರುಕು ನಮ್ಮ ಅರಿವಿಗೆ ಬರಬೇಕಾದರೆ ಮೈಮೇಲೆ ಸುಮಾರು 3,000 ವೋಲ್ಟ್ ಸ್ಥಿರವಿದ್ಯುತ್ತು ಕೂತಿರಬೇಕು. ಅದೇ ಬೆರಳು ಲ್ಯಾಪ್‌ಟಾಪಿನ ಯುಎಸ್‌ಬಿ ಪೋರ್ಟಿಗೆ ತಗುಲಿದರೆ? ಒಳಗಿನ ಚಿಪ್ಪು ಬದುಕುವುದು ಒಂದೆರಡು, ಹೆಚ್ಚೆಂದರೆ ಐದು ವೋಲ್ಟಿನಲ್ಲಿ.

ಈ ಹೊಡೆತವನ್ನು ಸಾಧನ ತಾಳುತ್ತದೆಯೇ ಎಂದು ಪರೀಕ್ಷಿಸಲು ಐಇಸಿ 61000-4-2 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅದರ ನಾಲ್ಕನೇ ಹಂತದಲ್ಲಿ ಪೋರ್ಟಿಗೆ ನೇರವಾಗಿ 8,000 ವೋಲ್ಟ್ ಕೊಡುತ್ತಾರೆ. ಒಂದು ನ್ಯಾನೋಸೆಕೆಂಡಿನೊಳಗೆ 30 ಆಂಪಿಯರ್ ನುಗ್ಗುತ್ತದೆ. ಫ್ಯೂಸು ಕರಗುವಷ್ಟು ಹೊತ್ತೇ ಇರುವುದಿಲ್ಲ.

ಹಾಗಾಗಿ ಪೋರ್ಟಿನ ಪಕ್ಕ ಎಳ್ಳುಕಾಳಿನಷ್ಟು ಚಿಕ್ಕ ಟಿವಿಎಸ್ ಡಯೋಡ್ ಕೂರಿಸುತ್ತಾರೆ. ಸಾಮಾನ್ಯ ಹೊತ್ತಿನಲ್ಲಿ ಅದು ಸುಮ್ಮನಿರುತ್ತದೆ. ವೋಲ್ಟೇಜು ಮಿತಿ ಮೀರಿದ ತಕ್ಷಣ ಪ್ರವಾಹವನ್ನು ಗ್ರೌಂಡಿಗೆ ಹರಿಸಿಬಿಡುತ್ತದೆ. ಆದರೆ ಗಟ್ಟಿಮುಟ್ಟಾದ ಡಯೋಡು ಎಲ್ಲ ಕಡೆಗೂ ಒಗ್ಗುವುದಿಲ್ಲ. ಪ್ರತಿ ಡಯೋಡಿಗೂ ಒಂದಿಷ್ಟು ಧಾರಣಶಕ್ತಿ ಇರುತ್ತದೆ, ಅದು ಸಂಕೇತದ ಅಂಚನ್ನು ಮೊಂಡಾಗಿಸುತ್ತದೆ. ಪವರ್ ಬಟನ್ನಿಗೆ 50 ಪಿಕೋಫ್ಯಾರಡ್ ಆದರೂ ತೊಂದರೆಯಿಲ್ಲ. ಸೆಕೆಂಡಿಗೆ 5 ಗಿಗಾಬಿಟ್ ಸಾಗಿಸುವ ಯುಎಸ್‌ಬಿ ತಂತಿಗೆ ಅದನ್ನೇ ಹಾಕಿದರೆ ಸಾಧನ ಸಾಯುವುದಿಲ್ಲ, ಮಾತೇ ಆಡುವುದಿಲ್ಲ. ಅಲ್ಲಿ ಬೇಕಾದ್ದು ಅರ್ಧ ಪಿಕೋಫ್ಯಾರಡಿಗೂ ಕಡಿಮೆಯದು.

ಟೈಪ್-ಸಿ ಬಂದಮೇಲೆ ಇನ್ನೊಂದು ತಲೆನೋವು ಸೇರಿಕೊಂಡಿದೆ. ಆ ಪುಟ್ಟ ಬಾಯಲ್ಲಿ 24 ಪಿನ್ನುಗಳು, ನಡುವೆ ಅರ್ಧ ಮಿಲಿಮೀಟರ್ ಅಂತರ. ಚಾರ್ಜಿಂಗಿನ 20 ವೋಲ್ಟ್ ಬರಬಹುದಾದ ಪಿನ್ನಿನ ಮಗ್ಗುಲಲ್ಲೇ ಸಿಸಿ ಪಿನ್ನು ಇದೆ. ಚಾರ್ಜರ್ ಮತ್ತು ಫೋನು ಎಷ್ಟು ವೋಲ್ಟ್ ಬೇಕೆಂದು ಮಾತಾಡಿಕೊಳ್ಳುವುದು ಆ ಸೂಕ್ಷ್ಮ ತಂತಿಯಲ್ಲೇ. ಜೇಬಿನ ಧೂಳು, ಬೆವರಿನ ತೇವ, ಓರೆಯಾಗಿ ಎಳೆದ ಪ್ಲಗ್ಗು, ಯಾವುದಾದರೂ ಸಾಕು, ಎರಡೂ ಕೂಡಿಕೊಳ್ಳುತ್ತವೆ. ಕಿಡಿ ಕ್ಷಣದಲ್ಲಿ ಮುಗಿದುಹೋಗುತ್ತದೆ, ಈ 20 ವೋಲ್ಟ್ ಬಂದು ನಿಂತೇಬಿಡುತ್ತದೆ. ಕಿಡಿಗೆಂದು ಮಾಡಿದ ಡಯೋಡು ಅದನ್ನು ಹೊರಲಾರದೆ ಕಾದು ಸುಟ್ಟುಹೋಗುತ್ತದೆ. ತಂತಿಯನ್ನೇ ಕಡಿದು ಬೇರೆ ಮಾಡುವ ಸ್ವಿಚ್ ಚಿಪ್ಪು ಇಲ್ಲಿಗೆ ಸರಿಯಾದ ಆಯ್ಕೆ. ಕೆಲವು ರೂಪಾಯಿ ಉಳಿಸಲು ಇದನ್ನು ಕೈಬಿಟ್ಟರೆ ಒಂದು ಹಳೆಯ ಕೇಬಲ್ಲಿಗೆ ಇಡೀ ಬೋರ್ಡು ಬಲಿಯಾಗಬಹುದು.

ಕಾವಲು ಬೇಕಿರುವುದು ವೋಲ್ಟೇಜಿಗಷ್ಟೇ ಅಲ್ಲ. ಪವರ್ ತಂತಿಯಲ್ಲಿ ಪ್ರವಾಹ ಹೆಚ್ಚಾದರೆ ಅಲ್ಲಿ ಕೂರಿಸಿದ ಪಾಲಿಮರ್ ಫ್ಯೂಸು ಬಿಸಿಯಾಗಿ ಹಿಗ್ಗಿ ದಾರಿ ಬಿಗಿಯುತ್ತದೆ, ತಣ್ಣಗಾದರೆ ಮತ್ತೆ ಬಿಡುತ್ತದೆ.

ಆಯ್ಕೆಯಷ್ಟೇ ಮುಖ್ಯ, ಕೂರಿಸುವ ಜಾಗ. ಡಯೋಡಿನಿಂದ ಗ್ರೌಂಡಿಗೆ ಹೋಗುವ ತಾಮ್ರದ ಗೆರೆ ಒಂದು ಸೆಂಟಿಮೀಟರ್ ಉದ್ದವಿದ್ದರೆ ಅದರ ಪ್ರೇರಕತ್ವ ಸುಮಾರು 10 ನ್ಯಾನೋಹೆನ್ರಿ. 30 ಆಂಪಿಯರ್ ಒಂದು ನ್ಯಾನೋಸೆಕೆಂಡಿನಲ್ಲಿ ಏರಿದಾಗ ಆ ಗೆರೆಯೊಂದರ ಮೇಲೆಯೇ 300 ವೋಲ್ಟ್ ಎದ್ದು ನಿಲ್ಲುತ್ತದೆ, ಚಿಪ್ಪಿಗೆ ತಲುಪುವುದೂ ಅದೇ.