ಶಾಲು, ಸ್ಮರಣಿಕೆ ಮತ್ತು ಒಂದು ಪ್ರಶ್ನೆ

ಮಂಗಳೂರಿನ ಸಿಟಿ ಬಸ್ಸಿನ ಕಂಡಕ್ಟರ್ ಇವತ್ತಿಗೂ ‘ಲೇಡಿಹಿಲ್, ಲೇಡಿಹಿಲ್’ ಎಂದೇ ಕೂಗುತ್ತಾನೆ. ಆ ವೃತ್ತಕ್ಕೆ ಬ್ರಹ್ಮಶ್ರೀ ನಾರಾಯಣ ಗುರುಗಳ ಹೆಸರಿಟ್ಟಾಗಿದೆ. ಬಾಯಿ ಮಾತ್ರ ಹಳೆಯ ರೂಢಿ ಬಿಟ್ಟಿಲ್ಲ. ಅಲ್ಲೇ ಆಸುಪಾಸಿನಲ್ಲಿ, ಉರ್ವದಲ್ಲಿ, ಪತ್ರಿಕಾ ಭವನ. ದಕ್ಷಿಣ ಕನ್ನಡ ಜಿಲ್ಲಾ ಕಾರ್ಯನಿರತ ಪತ್ರಕರ್ತರ ಸಂಘ, ಮಂಗಳೂರು ಪ್ರೆಸ್ ಕ್ಲಬ್ ಎಂಬ ಹೆಸರುಗಳನ್ನು ಪತ್ರಿಕೆಯಲ್ಲಿ ಓದಿದವರಿಗೆ ಈ ಜಾಗ ಗೊತ್ತಿರುತ್ತದೆ. ದಿನನಿತ್ಯದ ಸುದ್ದಿಗೋಷ್ಠಿಗಳ ಗಡಿಬಿಡಿಯ ನಡುವೆ ಆಗಾಗ ಇಲ್ಲೊಂದು ಸಂವಾದ ಏರ್ಪಡುತ್ತದೆ. ಯಾರನ್ನಾದರೂ ಕರೆಸಿ ಕೂರಿಸುವುದು, ಮಾತಾಡಿಸುವುದು, ಕೇಳುವುದು.

ಮಳೆಗಾಲದಲ್ಲಿ ಸಭೆಗೆ ಎಷ್ಟು ಜನ ಬಂದಿದ್ದಾರೆಂದು ತಿಳಿಯಲು ಒಳಗೆ ಇಣುಕಬೇಕಾಗಿಲ್ಲ, ಬಾಗಿಲ ಬಳಿಯ ಕೊಡೆಗಳನ್ನು ಎಣಿಸಿದರೆ ಸಾಕು. ಬೈಕಿನಲ್ಲಿ ಬಂದವರು ರೈನ್‌ಕೋಟನ್ನು ಕೊಡವಿ ನೇತುಹಾಕಲು ಮೊಳೆ ಹುಡುಕುತ್ತಾರೆ. ಕ್ಯಾಮೆರಾದವನು ಒಳಗೆ ಬಂದವನೇ ಒರೆಸುವುದು ತನ್ನ ತಲೆಯನ್ನಲ್ಲ, ಲೆನ್ಸನ್ನು. ಹಿರಿಯ ವರದಿಗಾರರಿಗೆ ಫ್ಯಾನಿನ ಕೆಳಗಿನ ಕುರ್ಚಿ, ಕಿರಿಯರಿಗೆ ಪ್ಲಗ್ ಪಾಯಿಂಟಿನ ಪಕ್ಕದ ಕುರ್ಚಿ. ಇದನ್ನು ಯಾರೂ ನಿಗದಿ ಮಾಡಿದ್ದಲ್ಲ.

ವೇದಿಕೆಯ ಮೇಜನ್ನು ಹತ್ತಿರದಿಂದ ನೋಡಬೇಕು. ವಾಹಿನಿಗಳ ಮೈಕುಗಳನ್ನೆಲ್ಲ ಒಂದೆಡೆ ಗುಡ್ಡೆ ಹಾಕಿ, ಜಾರದಂತೆ ಕಪ್ಪು ಟೇಪು ಸುತ್ತಿ, ಎತ್ತರ ಸಾಲದ್ದಕ್ಕೆ ನೀರಿನ ಬಾಟಲಿ ಆನಿಸಿರುತ್ತಾರೆ. ಯೂಟ್ಯೂಬ್ ಚಾನೆಲ್‌ನ ಹುಡುಗನೊಬ್ಬ ತನ್ನ ಲೋಗೊ ಕಾಣುವಂತೆ ದೊಡ್ಡ ಚಾನೆಲ್‌ನ ಲೋಗೊವನ್ನು ಅರ್ಧ ಇಂಚು ಸರಿಸುತ್ತಾನೆ. ಅವನು ಅತ್ತ ತಿರುಗಿದ್ದೇ ತಡ, ದೊಡ್ಡ ಚಾನೆಲ್‌ನವರು ಬಂದು ಮತ್ತೆ ಮೊದಲಿದ್ದಲ್ಲಿಗೆ ತಳ್ಳುತ್ತಾರೆ. ಇಬ್ಬರ ಮುಖದಲ್ಲೂ ಏನೂ ನಡೆದಿಲ್ಲವೆಂಬ ಭಾವ. ಮೈಕುಗಳ ಮುಂದೆ ರೆಕಾರ್ಡಿಂಗಿಗೆ ಇಟ್ಟ ಮೊಬೈಲುಗಳ ಸಾಲು. ಅತಿಥಿಯ ಮಾತು ರಂಗೇರುವ ಹೊತ್ತಿಗೆ ಸರಿಯಾಗಿ ಅವುಗಳಲ್ಲೊಂದು ಗುರ್ರೆಂದು ನಡುಗುತ್ತದೆ. ಪರದೆಯ ಮೇಲೆ ‘ಅಮ್ಮ’. ಅತಿಥಿ ಒಂದು ಕ್ಷಣ ತಡವರಿಸುತ್ತಾರೆ, ಮೊಬೈಲಿನ ಒಡೆಯ ಬಗ್ಗಿಕೊಂಡು ಓಡುತ್ತಾನೆ.

ಅತಿಥಿಯ ಮಾತಿಗೆ ಮೊದಲು ಸ್ವಾಗತ, ಪರಿಚಯ, ಶಾಲು, ಹಾರ. ಈ ಭಾಗವನ್ನು ವರ್ಣಿಸುವುದು ಬೇಡ, ಕರ್ನಾಟಕದ ಎಲ್ಲ ಸಭೆಗಳಲ್ಲೂ ಅದು ಒಂದೇ.

ಜುಲೈ 1ರ ಪತ್ರಿಕಾ ದಿನಾಚರಣೆಯಾದರೆ ಸ್ವಾಗತ ಭಾಷಣದಲ್ಲಿ ಹರ್ಮನ್ ಮೊಗ್ಲಿಂಗ್ ಹೆಸರು ಬಂದೇ ಬರುತ್ತದೆ. ಬರಲೇಬೇಕು ಅನ್ನಿ. 1843ರ ಜುಲೈ 1ರಂದು ಇದೇ ಊರಿನಲ್ಲಿ, ಅವರ ಸಂಪಾದಕತ್ವದಲ್ಲಿ, ಬಾಸೆಲ್ ಮಿಷನ್ನಿನ ಕಲ್ಲಚ್ಚಿನಲ್ಲಿ, ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂತು. ಹದಿನೈದು ದಿನಕ್ಕೊಮ್ಮೆ ನಾಲ್ಕು ಪುಟ. ಅದರಲ್ಲಿ ಊರ ವರ್ತಮಾನವಿತ್ತು, ಸರ್ಕಾರದ ನಿರೂಪಗಳಿದ್ದವು, ದೂರದ ರಾಜ್ಯಗಳ ಸುದ್ದಿಯೂ ಇತ್ತು. ವರ್ಷ ತುಂಬುವುದರೊಳಗೆ, 1844ರಲ್ಲಿ, ಅಚ್ಚುಮೊಳೆಯ ಅನುಕೂಲವಿದ್ದ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಆಯಿತು. ಇಷ್ಟು ಹೇಳಿ ಭಾಷಣಕಾರರು ನೇರ ಇಂದಿನ ಕಾಲಕ್ಕೆ ಹಾರುತ್ತಾರೆ. ನಡುವೆ ‘ರಾಷ್ಟ್ರಬಂಧು’ವಿನ ಕಡೆಂಗೋಡ್ಲು ಶಂಕರಭಟ್ಟರು, 1984ರಲ್ಲಿ ‘ಮುಂಗಾರು’ ಹೊರತಂದ ವಡ್ಡರ್ಸೆ ರಘುರಾಮ ಶೆಟ್ಟರು ಎಲ್ಲಿ ಹೋದರು ಎಂದು ಹಿಂದಿನ ಸಾಲಿನ ಹಿರಿಯರು ಗೊಣಗುತ್ತಾರೆ. ಆ ಗೊಣಗಾಟ ನ್ಯಾಯವಾದದ್ದೇ.

ಅತಿಥಿ ರಾಜಕಾರಣಿಯಾದರೆ ಕುರ್ಚಿಗಳೆಲ್ಲ ಭರ್ತಿ. ಆದರೆ ಪ್ರಶ್ನೆ ಏನು ಬರುತ್ತದೆಂದು ಅವರಿಗೆ ಗೊತ್ತು, ಉತ್ತರ ಏನು ಬರುತ್ತದೆಂದು ಇವರಿಗೆ ಗೊತ್ತು. ಸಭೆಗೆ ಜೀವ ಬರುವುದು ಬೇರೆ ಥರದ ಅತಿಥಿ ಬಂದ ದಿನ. ಈ ಜಿಲ್ಲೆಯಲ್ಲಿ ಅಂಥವರಿಗೆ ಬರವಿಲ್ಲ. ಕಿತ್ತಳೆ ಮಾರಿ ಊರಿಗೆ ಶಾಲೆ ತಂದ ಹರೇಕಳ ಹಾಜಬ್ಬ, ಬಂಟ್ವಾಳದ ಅಡ್ಯನಡ್ಕ ಬಳಿಯ ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು ನೀರು ತೆಗೆದ ಅಮೈ ಮಹಾಲಿಂಗ ನಾಯ್ಕರು, ಇಬ್ಬರೂ ಪದ್ಮಶ್ರೀ ಪಡೆದವರು. ಇಬ್ಬರೂ ವೃತ್ತಿ ಭಾಷಣಕಾರರಲ್ಲ. ಅಂಥವರಿಂದ ಮಾತು ಹೊರಡಬೇಕಾದರೆ ಯಾರಾದರೂ ಕೇಳಬೇಕು, ಕೇಳಿ ಕಾಯಬೇಕು.

ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ದಕ್ಕೆಯಲ್ಲಿ ಬೋಟುಗಳು ಒತ್ತೊತ್ತಾಗಿ ಕಟ್ಟಿ ನಿಂತಿರುತ್ತವೆ, ಮೀನುಗಾರ ಮುಖಂಡರಿಗೂ ಬಿಡುವು. ಅಂಥವರೊಬ್ಬರು ಅತಿಥಿಯೆಂದು ಇಟ್ಟುಕೊಳ್ಳಿ. ಬರೆದು ತಂದ ಹಾಳೆ ನೋಡಿಕೊಂಡು ಅಳಿವೆ ಬಾಗಿಲಲ್ಲಿ ತುಂಬಿದ ಹೂಳು, ಡೀಸೆಲ್ ದರ, ಬರಬೇಕಾದ ಸಬ್ಸಿಡಿ ಎಂದು ಅಚ್ಚಗನ್ನಡದಲ್ಲಿ ಓದುತ್ತಾರೆ. ಪೆನ್ನುಗಳು ಓಡುತ್ತವೆ, ಆದರೆ ಯಾರೂ ತಲೆಯೆತ್ತುವುದಿಲ್ಲ. ಆಗ ವೃತ್ತಿಗೆ ಹೊಸಬಳಾದ ವರದಿಗಾರ್ತಿಯೊಬ್ಬಳು ಕೈಯೆತ್ತುತ್ತಾಳೆ: ‘ಬೂತಾಯಿ, ಬಂಗುಡೆ ಮರಿಗಳನ್ನೂ ಬಾಚಿ ಫಿಶ್‌ಮೀಲ್ ಕಾರ್ಖಾನೆಗೆ ಕಳಿಸ್ತೀರಲ್ಲ, ಮುಂದೆ ಮೀನು ಎಲ್ಲಿಂದ ಬರೋದು?’

ಮುಖಂಡರು ಹಾಳೆ ಮಡಚಿಡುತ್ತಾರೆ. ಸ್ವಲ್ಪ ಸಿಟ್ಟು, ಸ್ವಲ್ಪ ಸಂಕೋಚ. ಆಮೇಲೆ ‘ನೋಡಿ ಮಾರಾಯ್ರೆ’ ಎಂದು ಶುರುವಾಗಿ ಮೂರನೇ ವಾಕ್ಯಕ್ಕೆ ಮಾತು ತುಳುವಿಗೆ ತಿರುಗುತ್ತದೆ. ಸಾಲ ತೀರಿಸುವ ಅವಸರ, ಬಲೆಯ ಕಣ್ಣು ಸಣ್ಣದಾಗುತ್ತ ಬಂದದ್ದು, ಲೈಟ್ ಹಾಕಿ ಹಿಡಿಯುವ ಮೀನುಗಾರಿಕೆ ನಿಷೇಧವಾದ ಮೇಲೂ ನಿಲ್ಲದ ಜಗಳ, ಅಪ್ಪನ ಕಾಲದ ನಾಡದೋಣಿ, ಎಲ್ಲವೂ ಒಂದರ ಹಿಂದೊಂದು ಹೊರಬರುತ್ತವೆ. ಕೊಂಕಣಿಯವರು, ಬ್ಯಾರಿಯವರು, ಘಟ್ಟದ ಮೇಲಿಂದ ಬಂದು ತುಳು ಅರ್ಧಂಬರ್ಧ ಕಲಿತವರು, ಎಲ್ಲರೂ ಬರೆಯುವುದು ಬಿಟ್ಟು ಕೇಳುತ್ತಾರೆ. ಮರುದಿನದ ಪತ್ರಿಕೆಯಲ್ಲಿ ಹೂಳಿನ ಸುದ್ದಿ ಎಲ್ಲ ಕಡೆ ಒಂದೇ ಥರ ಬರುತ್ತದೆ. ಓದಿಸಿಕೊಳ್ಳುವುದು ಮಡಚಿಟ್ಟ ಹಾಳೆಯ ಆಚೆಗಿನ ಮಾತು.

ಇಷ್ಟರಲ್ಲಿ ಗೋಳಿಬಜೆಯ ಘಮ ಒಳಗೆ ಬಂದಿರುತ್ತದೆ. ನಿರೂಪಕರು ಗಡಿಯಾರ ನೋಡಿ ‘ಸಮಯದ ಅಭಾವದಿಂದ’ ಎನ್ನುತ್ತಾರೆ. ಕೊನೆಯ ಸಾಲಿನಲ್ಲಿ, ಪತ್ರಕರ್ತರಲ್ಲದ, ಪ್ರಕಟಣೆ ಓದಿಯೇ ಬಂದ ನಿವೃತ್ತ ಮಾಸ್ತರೊಬ್ಬರ ಕೈ ಎತ್ತಿದ್ದು ಎತ್ತಿದಂತೆಯೇ ಉಳಿಯುತ್ತದೆ. ಸ್ಮರಣಿಕೆಗೆ ಮಾತ್ರ ಸಮಯದ ಅಭಾವ ಎಂದೂ ಆದದ್ದಿಲ್ಲ.

ಸುಳ್ಯದ ಮಡಪ್ಪಾಡಿಯಂಥ ಹಳ್ಳಿಗೆ ಹೋಗಿ ಗ್ರಾಮ ವಾಸ್ತವ್ಯ ಮಾಡಿ, ಜನರ ಅಂಗಳದಲ್ಲೇ ಕುಳಿತು ಕೇಳಿದ ಪತ್ರಕರ್ತರ ಸಂಘವಿದು. ತನ್ನ ಅಂಗಳಕ್ಕೆ ಬಂದ ಜನರನ್ನು ಕೇಳಲು ಬಿಡುವುದು ಅದಕ್ಕೆ ಕಷ್ಟವಾಗಬಾರದು. ಆದ್ದರಿಂದ ಪದಾಧಿಕಾರಿಗಳಲ್ಲಿ ಒಂದು ಅರಿಕೆ: ಶಾಲು ಹೊದಿಸಿ, ಹಾರವನ್ನೂ ಹಾಕಿ, ಬೇಡವೆನ್ನುವುದಿಲ್ಲ. ಅದನ್ನೆಲ್ಲ ಐದು ನಿಮಿಷದಲ್ಲಿ ಮುಗಿಸಿ, ಅರ್ಧ ಗಂಟೆಯನ್ನು ಪ್ರಶ್ನೆಗೆ ಬಿಡಿ. ಒಂದು ಕಾರ್ಡ್‌ಲೆಸ್ ಮೈಕನ್ನು ಕೊನೆಯ ಸಾಲಿಗೂ ಕಳಿಸಿ.